ರಾಜರ ಹೆಸರಿನ ಮುಂದೊಂದು ನಕ್ಷತ್ರ

ಜರ್ಮಖ್ ಊರಿನಿಂದ. ಅಯ್ಯಾರು ತಿಂಗಳು, ಯಟಾರ್-ಮಲಿಕ್ ರಾಜರು ದೊಡ್ಡ ಕರಡಿಯನ್ನು ಕೊಂದ ವರ್ಷ.

ಜೇಡಿಯ ಹಲಗೆಯೇ, ನನ್ನ ಅಕ್ಕ ನರಮ್ತಾನಿಗೆ ಹೇಳು: ನಿನ್ನ ತಮ್ಮ ಲಿಪಿತ್-ಎಯಾ ಹೀಗೆನ್ನುತ್ತಾನೆ. ಸೂರ್ಯದೇವ ಷಮಾಶನೂ ಅವನ ಮಡದಿ ಆಯಾ ದೇವಿಯೂ ನನಗಾಗಿ ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ನಾನು ಕ್ಷೇಮ. ಕರಡಿಯ ವಿಷಯಕ್ಕೆ ಬಂದರೆ ಅದು ಅಂಥ ದೊಡ್ಡದೇನಲ್ಲ, ಹಲ್ಲೂ ಇರಲಿಲ್ಲ. ಆದರೆ ಈ ಅರಮನೆಯಲ್ಲಿ ವರ್ಷಗಳಿಗೆ ಹೆಸರಿಡುವ ಲಿಪಿಕಾರ ನಾನೇ ಆದ್ದರಿಂದ ಕರಡಿ ನನ್ನ ಕೈಯಲ್ಲಿ ಸ್ವಲ್ಪ ಬೆಳೆಯಿತು.

ಈಗ ಒಂದು ಸಹಾಯ ಬೇಕು. ನಮ್ಮ ರಾಜರು ಪಕ್ಕದೂರಿನ ಹಬ್ಬಕ್ಕೆ ಹೋಗಿದ್ದರು. ಅಲ್ಲಿಯ ರಾಜ ಊರ ಬಾಗಿಲಲ್ಲಿ ಆಳೆತ್ತರದ ಕರಿಕಲ್ಲು ನಿಲ್ಲಿಸಿ ಅದರ ತುಂಬ ತನ್ನ ಹೆಸರನ್ನು ಕೊರೆಸಿದ್ದಾನಂತೆ. ನಮ್ಮವರು ಊಟದಲ್ಲಿ ಯಾವ ಮಹಾರಾಜನಿಗೂ ಸೋಲುವವರಲ್ಲ. ಅಂಥವರು ಬಂದ ದಿನ ಅರ್ಧ ಕುರಿಗೇ ಕೈ ತೊಳೆದುಬಿಟ್ಟರು. ಆಮೇಲೆ ನನ್ನನ್ನು ಕರೆಸಿ, ‘ಲಿಪಿತ್, ನನ್ ಕಲ್ಲು ಅವನ ಕಲ್ಲಿಗಿಂತ ಒಂದು ಮೊಳ ಎತ್ತರ ಇರ್ಬೇಕು, ಅಕ್ಷರ ಅವನ ಅಕ್ಷರಕ್ಕಿಂತ ಹಳೇದಿರ್ಬೇಕು’ ಎಂದರು. ಹಳೆಯ ಕಾಲದ ಅಕ್ಷರಗಳೆಲ್ಲ ನನಗೆ ಅಂಗೈ ಗೆರೆಯಷ್ಟು ಪರಿಚಿತ ಎಂದು ಹೇಳಿ ಬಂದೆ. ಬೇರೆ ಏನು ಹೇಳಲಿ?

ಬಹಳಷ್ಟು ನೆನಪಿವೆ. ನಕ್ಷತ್ರದ ಗುರುತು ಮಾತ್ರ ನೆನಪಿಗೆ ಬರುತ್ತಿಲ್ಲ. ಈಗ ದಿನಾ ಜೇಡಿಯಲ್ಲಿ ಒತ್ತುವ ಬೆಣೆಗಳು ಗೊತ್ತು, ಮುತ್ತಜ್ಜಂದಿರು ಅದನ್ನು ಹೇಗೆ ಬರೆಯುತ್ತಿದ್ದರು? ಅದಿಲ್ಲದೆ ಯಾವ ದೇವರ ಹೆಸರನ್ನೂ ಬರೆಯುವಂತಿಲ್ಲ. ನಿನ್ನ ದೇವಾಲಯದ ಉಗ್ರಾಣದಲ್ಲಿ ಹಳೆಯ ಹಲಗೆಗಳ ರಾಶಿಯೇ ಇದೆಯಲ್ಲ, ಹುಡುಕಿ ಒಂದು ಪುಟ್ಟ ಹಲಗೆಯ ಮೇಲೆ ಬರೆದು ಕಳಿಸು.

ಅದೇ ಗುರುತನ್ನು ಇಲ್ಲಿಯವರು ‘ಎನಿ’ ಎಂದು ಓದುತ್ತಾರೆ. ನಾವು ‘ಇಲು’ ಎನ್ನುತ್ತೇವೆ, ಪಾಠಶಾಲೆಯ ಸತ್ತ ಭಾಷೆಯಲ್ಲಿ ‘ದಿಂಗಿರ್’. ಎಲ್ಲವೂ ದೇವರೇ. ಇದನ್ನು ಅಡುಗೆಮನೆಯ ಮೇಲ್ವಿಚಾರಕಿ ಶುವಾರಿಗೆ ಹೇಳಿದಾಗ, ‘ಒಂದೇ ಮಡಕೇಲಿ ಮೂರು ಮನೆ ಅಡುಗೆ ಅನ್ನಿ’ ಎಂದು ನಕ್ಕಳು. ತವರದ ವ್ಯಾಪಾರಿಗಳ ಕತ್ತೆಗಳ ಜೊತೆ ಪಿಸ್ತಾ ಕಳಿಸಿದ್ದೇನೆ. ಜಾಡಿಯಲ್ಲಿರುವುದು ಉಪ್ಪು ಹಾಕಿದ ಮಿಡತೆ, ಶುವಾರಿಯ ಕೈಯದು. ಜಾಡಿಗೆ ಬಟ್ಟೆ ಕಟ್ಟಿದವಳೂ ಶುವಾರಿಯೇ.

ಕಲ್ಲು ನಿಂತ ದಿನ ನನ್ನನ್ನು ಊರಿಗೆ ಕಳಿಸಿಕೊಡುತ್ತೇನೆ ಎಂದು ರಾಜರು ಮಾತು ಕೊಟ್ಟಿದ್ದಾರೆ.


ಸಿಪ್ಪರ್‌ನಿಂದ. ಸಿಮಾನು ತಿಂಗಳ ಕೊನೆ, ನಮ್ಮ ರಾಜರು ಹೊಸ ಕಾಲುವೆ ತೋಡಿಸಿದ ವರ್ಷ.

ಲಿಪಿತ್-ಎಯಾನಿಗೆ ಹೇಳು: ನಿನ್ನ ಅಕ್ಕ ನರಮ್ತಾನಿ ಹೀಗೆನ್ನುತ್ತಾಳೆ. ಷಮಾಶನೂ ಆಯಾ ದೇವಿಯೂ ನಿನಗೆ ಆಯಸ್ಸು ಕೊಡಲಿ, ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ಪಿಸ್ತಾ ಅರ್ಧ ಬಂತು, ಉಳಿದರ್ಧ ಕತ್ತೆಯವನ ಹೊಟ್ಟೆಯಲ್ಲಿದೆ. ಮಿಡತೆಯನ್ನು ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ಒಂದೇ ಸಂಜೆಯಲ್ಲಿ ಮುಗಿಸಿದರು. ನಾವೆಲ್ಲ ಷಮಾಶನ ಮನೆಯ ಸೊಸೆಯರು, ಮದುವೆ ಮಕ್ಕಳು ಇಲ್ಲದೆ ಈ ಗೋಡೆಗಳೊಳಗೆ ದೇವರ ಲೆಕ್ಕಪತ್ರ ನೋಡಿಕೊಂಡು ಇರುವವರು ನಿಜ, ಆದರೆ ನಾಲಗೆಯನ್ನೂ ದೇವರಿಗೆ ಒಪ್ಪಿಸಿಲ್ಲ. ಈ ಶುವಾರಿ ಯಾರು? ಒಂದೇ ಪತ್ರದಲ್ಲಿ ಮೂರು ಸಲ ಬಂದಿದ್ದಾಳೆ. ರಾಜರಿಗಿಂತ ಅವಳ ಸುದ್ದಿಯನ್ನೇ ಕುಶಾಲಾಗಿ ಬರೆದಿದ್ದೀಯ.

ನಕ್ಷತ್ರ ಸಿಕ್ಕಿತು. ಬೇರೆ ಹಲಗೆಯಲ್ಲಿ ಬರೆದಿದ್ದೇನೆ. ಬಲು ಹಳೆಯ ಹಲಗೆಗಳಲ್ಲಿ ಅದು ನಿಜವಾದ ನಕ್ಷತ್ರ ಕಣೋ, ಎಂಟು ಕಿರಣ ಚಾಚಿಕೊಂಡು ಕೂತಿದೆ. ಆಗಿನವರು ಚೂಪು ಕಡ್ಡಿಯಿಂದ ಗೆರೆ ಎಳೆಯುತ್ತಿದ್ದರು. ಹಸಿ ಜೇಡಿಯಲ್ಲಿ ಗೆರೆ ಎಳೆದರೆ ಕಡ್ಡಿಯ ಮುಂದೆ ಮಣ್ಣು ಬೆಣ್ಣೆಯ ಹಾಗೆ ಗುಡ್ಡೆಯಾಗುತ್ತದೆ. ಅದಕ್ಕೆ ಬೇಸತ್ತ ಯಾವನೋ ಸೋಮಾರಿ ಎಳೆಯುವುದನ್ನು ಬಿಟ್ಟು ಒತ್ತಲು ಶುರುಮಾಡಿದ. ಕಿರಣಗಳು ಬೆಣೆಗಳಾದವು, ಬೆಣೆಗಳು ಕಡಿಮೆಯಾಗುತ್ತ ಬಂದವು. ಆಮೇಲೆ ಇನ್ನೊಬ್ಬ ಹಲಗೆಯನ್ನೇ ಅಡ್ಡ ತಿರುಗಿಸಿದ. ಮನುಷ್ಯನ ತಲೆಯ ಗುರುತು ಅಂಗಾತ ಮಲಗಿತು, ಮೀನಿನ ಗುರುತು ಬಾಲದ ಮೇಲೆ ನಿಂತಿತು. ನಕ್ಷತ್ರಕ್ಕೆ ಮಾತ್ರ ಏನೂ ಆಗಲಿಲ್ಲ. ಅದನ್ನು ಹೇಗೆ ತಿರುಗಿಸಿದರೂ ನಕ್ಷತ್ರವೇ.

ಅರ್ಥವೂ ಹಾಗೇ ನಡೆದು ಬಂದಿದೆ. ಮೊದಲು ಅದು ಬರೀ ನಕ್ಷತ್ರ. ಆಕಾಶವನ್ನು ಬರೆಯಬೇಕಾದಾಗ ಇನ್ನೇನು ಬರೆಯುತ್ತಾರೆ, ಅದನ್ನೇ ಬರೆದರು. ಆಕಾಶದಲ್ಲಿರುವವನು ದೇವರು, ಅವನಿಗೂ ಅದೇ ಆಯಿತು. ಆ ಸತ್ತ ಭಾಷೆಯಲ್ಲಿ ಆಕಾಶಕ್ಕೆ ‘ಅನ್’ ಎನ್ನುತ್ತಾರಲ್ಲ, ಕೊನೆಗೆ ಯಾವ ಮಾತಿನಲ್ಲಿ ಆ ಸದ್ದು ಬಂದರೂ ಅಲ್ಲಿ ಹೋಗಿ ನಿಲ್ಲುವ ಕೂಲಿ ಕೆಲಸವೂ ಅದರ ಪಾಲಿಗೆ ಬಂತು. ದೇವರ ಹೆಸರಿನ ಮುಂದೆ ನಿಂತಾಗ ಮಾತ್ರ ಅದಕ್ಕೆ ಸದ್ದಿಲ್ಲ, ಬರುತ್ತಿರುವವರು ದೇವರು ಎಂದು ಸಾರುವ ದ್ವಾರಪಾಲಕ.

ಒಂದು ಹಳೆಯ ಸುದ್ದಿ, ಯಾರಿಗೂ ಹೇಳಬೇಡ. ಬಹಳ ಹಿಂದೆ ಒಬ್ಬ ರಾಜ ಬದುಕಿರುವಾಗಲೇ ಈ ನಕ್ಷತ್ರವನ್ನು ತನ್ನ ಹೆಸರಿನ ಮುಂದೆ ಬರೆಸಿಕೊಂಡನಂತೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಾರಲ್ಲ, ಹಾಗೆ. ಹಲ್ಲಿಲ್ಲದ ಕರಡಿ ಕೊಂದ ನಿಮ್ಮ ರಾಜರೂ ಆ ಜಾತಿಯವರೇ ಇರಬೇಕು. ಬೇಗ ಕಲ್ಲು ಮುಗಿಸಿ ಊರಿಗೆ ಬಾ. ಗೋಡೆಯಾಚೆ ನನಗೆ ಇರುವುದು ನೀನೊಬ್ಬನೇ.


ಜರ್ಮಖ್‌ನಿಂದ. ಅಬು ತಿಂಗಳು, ಅದೇ ಕರಡಿಯ ವರ್ಷ.

ನನ್ನ ಅಕ್ಕ ನರಮ್ತಾನಿಗೆ ಹೇಳು: ಲಿಪಿತ್-ಎಯಾ ಹೀಗೆನ್ನುತ್ತಾನೆ. ಷಮಾಶ ನಿನ್ನನ್ನು ಕಾಪಾಡಲಿ, ಸಮಯವಿದ್ದರೆ ನನ್ನನ್ನೂ.

ಇಲ್ಲಿ ಒಂದು ಪದ್ಧತಿ ಇದೆ, ನಿನಗೆ ಹೇಳಿರಲಿಲ್ಲ. ದೂರದೂರಿನಿಂದ ಯಾರಿಗೇ ಪತ್ರ ಬರಲಿ, ಅದರ ಮಣ್ಣಿನ ಲಕೋಟೆಯನ್ನು ಸಭೆಯಲ್ಲಿ, ರಾಜರ ಎದುರಿಗೇ ಒಡೆಯಬೇಕು, ಗಟ್ಟಿಯಾಗಿ ಓದಬೇಕು. ಇಷ್ಟು ದಿನ ನೀನು ಬರೆಯುತ್ತಿದ್ದದ್ದು ಎಳ್ಳೆಣ್ಣೆ, ಉಣ್ಣೆ, ಕೆಮ್ಮು ಇಷ್ಟೇ ಆದ್ದರಿಂದ ತೊಂದರೆಯಿರಲಿಲ್ಲ. ಈ ಸಲ ನಾನು ಓದತೊಡಗಿದಾಗ ಮಳೆದೇವರ ಪೂಜಾರಿ ಕುಲ್ಪಾದಲ್ ಬೆನ್ನ ಹಿಂದೆ ನಿಂತಿದ್ದ. ಅವನಿಗೆ ಅರೆಬರೆ ಓದು ಬರುತ್ತದೆ. ಒಂದು ಸಾಲು ಹಾರಿಸಿದರೆ ಕೆಮ್ಮುತ್ತಾನೆ.

ಶುವಾರಿ ಯಾರು ಎಂದು ನೀನು ಕೇಳಿದ್ದನ್ನು ಓದಿದೆ. ಬಾಗಿಲ ಬಳಿ ಶುವಾರಿಯೇ ನಿಂತಿದ್ದಳು. ‘ಹಲ್ಲಿಲ್ಲದ ಕರಡಿ’ಯನ್ನು ‘ಹಲ್ಲುಳ್ಳ ಕರಡಿ’ ಎಂದು ಓದಿದೆ, ಕುಲ್ಪಾದಲ್ ಕೆಮ್ಮಿದ. ಕೊಡೆಯ ಗಾದೆಯನ್ನು ರಾಜರು ಹೊಗಳಿಕೆಯೆಂದು ತಿಳಿದು ತಲೆದೂಗಿದರು. ಆದರೆ ಆ ಹಳೆಯ ರಾಜನ ಸುದ್ದಿ ಬಂದದ್ದೇ ತಡ, ನೆಟ್ಟಗೆ ಕೂತರು.

‘ಬದುಕಿರುವಾಗ್ಲೇ ಹೆಸರಿನ ಮುಂದೆ ಚುಕ್ಕಿ ಹಾಕ್ಕೊಂಡ್ನಾ?’

‘ಹಾಕ್ಕೊಂಡ, ಒಡೆಯಾ. ಅವನು ಸತ್ತ ಮೇಲೆ ಅವನ ಊರೇ ಹಾಳಾಯ್ತು.’

‘ಸತ್ತ ಮೇಲೆ ತಾನೇ? ಹಂಗಿದ್ರೆ ನನಗೂ ಒಂದು ಹಾಕು.’

ಅಕ್ಕಾ, ಇದು ನಗುವ ಮಾತಲ್ಲ. ನಮ್ಮ ರಾಜರ ಮೇಲೆ ಹಲಬ್‌ನ ಮಹಾರಾಜರಿದ್ದಾರೆ. ಅವರ ಅಧಿಕಾರಿ ಪ್ರತಿ ವರ್ಷದ ಕೊನೆಯ ತಿಂಗಳು ಅದಾರಿನಲ್ಲಿ ಕಪ್ಪದ ಕುರಿಗಳಿಗಾಗಿ ಬರುತ್ತಾನೆ. ಯಾವ ಹಲಗೆ ಕಂಡರೂ ಕೈಗೆತ್ತಿಕೊಂಡು, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ನೋಡುವ ಮನುಷ್ಯ. ತನ್ನ ಒಡೆಯನಿಗೂ ಇಲ್ಲದ ನಕ್ಷತ್ರ ಈ ಗುಡ್ಡದೂರಿನ ರಾಜನಿಗಿರುವುದನ್ನು ಕಂಡರೆ ಸೈನ್ಯ ಬರುತ್ತದೆ. ಆಗ ರಾಜರು ಲಿಪಿಕಾರ ತಪ್ಪಿ ಕೊರೆದ ಎನ್ನುತ್ತಾರೆ. ಹೋಗುವುದು ನನ್ನ ತಲೆ. ಕೊರೆಯುವುದಿಲ್ಲ ಎಂದರೆ ಬಲಗೈ ಕತ್ತರಿಸುತ್ತೇನೆ ಎಂದು ಸಭೆಯಲ್ಲೇ ಹೇಳಿದ್ದಾರೆ. ಕೊರೆದರೆ ತಲೆ, ಕೊರೆಯದಿದ್ದರೆ ಕೈ. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪವಾಗಿದೆ.

ಏನಾದರೂ ಉಪಾಯ ಹೇಳು. ಆದರೆ ನೀನು ಬರೆದದ್ದನ್ನೆಲ್ಲ ರಾಜರು ಕೇಳಿಸಿಕೊಳ್ಳುತ್ತಾರೆ ಎಂಬುದು ನೆನಪಿರಲಿ.


ಸಿಪ್ಪರ್‌ನಿಂದ. ಎಲೂಲು ತಿಂಗಳು, ಹೊಸ ಕಾಲುವೆ ತೋಡಿಸಿದ ವರ್ಷ.

ದೇವಸಮಾನರಾದ ಯಟಾರ್-ಮಲಿಕ್ ರಾಜರ ಭಾಗ್ಯವಂತ ಸೇವಕ ಲಿಪಿತ್-ಎಯಾನಿಗೆ ಹೇಳು: ಷಮಾಶನ ದಾಸಿ ನರಮ್ತಾನಿ ಹೀಗೆನ್ನುತ್ತಾಳೆ. ನಿನ್ನ ರಾಜರ ಮುಖ ಸದಾ ಬೆಳಗುತ್ತಿರಲಿ, ಅವರ ಕಾಲ ಕೆಳಗೆ ಕರಡಿಗಳು ಸಾಲಾಗಿ ಬೀಳಲಿ.

ತಮ್ಮಾ, ಸುದ್ದಿ ಕೇಳಿ ಕಣ್ಣು ತುಂಬಿ ಬಂತು. ಅಂಥ ರಾಜರಿಗೆ ನಕ್ಷತ್ರ ಬೇಡವೆನ್ನಲು ನೀನು ಯಾರು? ಅವಶ್ಯವಾಗಿ ಕೊರೆ. ಆದರೆ ಶಾಸ್ತ್ರ ತಪ್ಪಬಾರದು. ಮೊದಲು ದೇವರಾಗಬೇಕು, ನಕ್ಷತ್ರ ಆಮೇಲೆ. ಈ ಸಾಲನ್ನು ರಾಜರಿಗೆ ಎರಡು ಸಲ ಓದಿ ಹೇಳು.

ದೇವರ ದಿನಚರಿ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು, ನಾವು ಅವನ ಮನೆಯ ಸೊಸೆಯರು. ದೇವರು ಗುಡಿಯಲ್ಲೇ ವಾಸ ಮಾಡಬೇಕು, ನಸುಕಿನಲ್ಲಿ ನಗಾರಿ ಬಾರಿಸಿ ಎಬ್ಬಿಸಬೇಕು, ತಣ್ಣೀರಿನಲ್ಲಿ ಮೀಯಿಸಬೇಕು. ದೇವರು ಬೇಟೆಗೆ ಹೋಗುವುದಿಲ್ಲ, ಪಗಡೆಯಾಡುವುದಿಲ್ಲ, ಕೂತಲ್ಲಿಂದ ಏಳುವುದಿಲ್ಲ. ಅಹವಾಲು ತಂದವರನ್ನು ನಾಳೆ ಬಾ ಎನ್ನುವುದಿಲ್ಲ. ದಿನಕ್ಕೆರಡು ಸಲ ಮುಂದೆ ಮೇಜಿಟ್ಟು ರಾಜಭೋಜನ ಬಡಿಸಿ, ನಾರುಬಟ್ಟೆಯ ಪರದೆ ಎಳೆಯಬೇಕು. ದೇವರು ಉಣ್ಣುವುದು ಪರಿಮಳವನ್ನು, ಅನ್ನವನ್ನಲ್ಲ. ಮುಟ್ಟಿದರೆ ಮೈಲಿಗೆ. ಮಿಕ್ಕದ್ದು ಎಲ್ಲ ಊರುಗಳಲ್ಲೂ ರಾಜರ ಪಾಲು. ನಿಮ್ಮಲ್ಲಿ ರಾಜರೇ ದೇವರಾಗುವುದರಿಂದ ಅದು ಪೂಜಾರಿಯ ಪಾಲು. ಮೈಯೆಂಬುದು ಇರುವ ತನಕ ದೇವರಿಗೆ ಒಂದು ಹೊತ್ತು ಉಪ್ಪಿಲ್ಲದ ಜವೆ ಗಂಜಿ ಕೊಡಬಹುದು, ಅದಕ್ಕೆ ದೋಷವಿಲ್ಲ.

ಹೊಸ ವರ್ಷದವರೆಗೆ ಹೀಗೆ ನಡೆದ ಮೇಲೆ ನಕ್ಷತ್ರವನ್ನು ಕೊರೆ. ಅಡುಗೆಮನೆಯವರಿಗೂ ಹೇಳು, ದೇವರಿಗೆ ಬಡಿಸುವ ಅಡುಗೆಯ ಪರಿಮಳ ಇಡೀ ಗುಡಿಗೆ ತುಂಬಬೇಕು.


ಜರ್ಮಖ್‌ನಿಂದ. ತಶ್ರೀತು ತಿಂಗಳು, ರಾಜರು ದೇವರಾದ ವರ್ಷ.

ನರಮ್ತಾನಿಗೆ ಹೇಳು: ಲಿಪಿತ್-ಎಯಾ ಹೀಗೆನ್ನುತ್ತಾನೆ.

ಮೇಲೆ ಬರೆದ ವರ್ಷದ ಹೆಸರು ನೋಡು. ಕರಡಿ ಹೋಯಿತು, ಇದು ಬಂತು. ನಿನ್ನಿಂದ ಬಂತು.

ನಾನು ಕೇಳಿದ್ದು ಪಾರಾಗುವ ದಾರಿ. ನೀನು ಕಳಿಸಿದ್ದು ಮಂಗನಿಗೆ ಕಳ್ಳು. ನಿನ್ನ ಪತ್ರವನ್ನು ಮೂರು ಸಲ ಓದಿಸಿಕೊಂಡ ರಾಜರು ಅದೇ ದಿನ ಗುಡಿಗೆ ಹಾಸಿಗೆ ಸಾಗಿಸಿದರು. ಮಳೆದೇವರ ಪಕ್ಕದಲ್ಲೇ ಅವರಿಗೂ ಒಂದು ಪೀಠ. ಮೊದಲು ಹಾರಾಡಿದ ಕುಲ್ಪಾದಲ್, ಎರಡು ಹೊತ್ತಿನ ರಾಜಭೋಜನ ತನ್ನ ಮನೆ ಸೇರುತ್ತದೆ ಎಂದು ಗೊತ್ತಾದ ಮೇಲೆ ಸಾಷ್ಟಾಂಗ ಬಿದ್ದ. ನಗಾರಿ ಕೇಳಿ ರಾಜರಿಗೆ ರೋಮಾಂಚನವಂತೆ. ತಣ್ಣೀರೂ ಹಿತವಾಗಿದೆಯಂತೆ. ಕಲ್ಲಿನ ಕೆಲಸ ಅರ್ಧ ಮುಗಿದಿದೆ, ಅವರ ಹೆಸರಿನ ಮುಂದೆ ಒಂದು ಗೇಣು ಜಾಗ ಬರಿದಾಗಿ ಬಿಟ್ಟಿದ್ದೇನೆ. ದಿನಾ ಅದನ್ನು ನೋಡುತ್ತೇನೆ, ನನ್ನ ಕತ್ತನ್ನು ಮುಟ್ಟಿಕೊಳ್ಳುತ್ತೇನೆ.

ಶುವಾರಿಯೂ ಕೆಟ್ಟಳು. ದೇವರಿಗೆಂದು ಹಿಂದೆಂದೂ ಮಾಡದ ಅಡುಗೆಗಳನ್ನು ಮಾಡುತ್ತಿದ್ದಾಳೆ. ಬೆಳ್ಳುಳ್ಳಿ, ಕಾಡೀರುಳ್ಳಿ, ಜೀರಿಗೆ ಅರೆದು ಹಾಕಿದ ಕುರಿಮರಿಯ ಸಾರು, ಕೊಬ್ಬಿನಲ್ಲಿ ಕರಿದ ಪಾರಿವಾಳ. ಇಷ್ಟು ಭಕ್ತಿ ಎಲ್ಲಿಂದ ಬಂತು ಎಂದು ಕೇಳಿದರೆ, ‘ನಿಮ್ಮಕ್ಕ ಬಲು ಜಾಣೆ’ ಎಂದು ಹೇಳಿ ಸೌಟು ತಿರುಗಿಸುತ್ತಾಳೆ. ಇಬ್ಬರೂ ಒಂದೇ. ಇನ್ನು ನಿನಗೆ ಬರೆಯುವುದಿಲ್ಲ.


ಸಿಪ್ಪರ್‌ನಿಂದ. ಕಿಸ್ಲೀಮು ತಿಂಗಳು.

ನನ್ನ ಒಬ್ಬನೇ ತಮ್ಮ ಲಿಪಿತ್-ಎಯಾನಿಗೆ ಹೇಳು: ನಿನ್ನ ಅಕ್ಕ ನರಮ್ತಾನಿ ಹೀಗೆನ್ನುತ್ತಾಳೆ. ಷಮಾಶನೂ ಆಯಾ ದೇವಿಯೂ ನಿನ್ನ ತಲೆ ಕಾಯಲಿ, ಕೈ ಕಾಯಲಿ, ಮೈಯೆಲ್ಲ ಕಾಯಲಿ.

ನಿನ್ನ ಪತ್ರ ಸಿಕ್ಕಿತು. ಉತ್ತರವಾಗಿ ನಾನು ಬರೆಯಬಹುದಾದದ್ದು ಇಷ್ಟೇ: ಇಲ್ಲಿ ಚಳಿ ಜಾಸ್ತಿ, ಜವೆ ಅಗ್ಗ, ನನಗೆ ಕೆಮ್ಮಿಲ್ಲ. ದೇವರಾದ ರಾಜರಿಗೆ ನನ್ನ ನಮಸ್ಕಾರ. ಅವರು ಶಾಸ್ತ್ರವನ್ನು ಪೂರ್ತಿಯಾಗಿ, ಒಂದು ತುತ್ತಿನಷ್ಟೂ ತಪ್ಪದೆ ನಡೆಸುತ್ತಿದ್ದಾರೆಂದು ನಂಬಿದ್ದೇನೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಆಮೇಲೆ ಎರಡು ಸಲ ಕತ್ತೆಗಳು ಬಂದವು, ನಿನ್ನ ಪತ್ರ ಬರಲಿಲ್ಲ. ಬೈದಾದರೂ ಬರೆ ಮಾರಾಯ.


ಜರ್ಮಖ್‌ನಿಂದ. ಟೆಬೇತು ತಿಂಗಳು, ರಾಜರು ದೇವರಾದ ವರ್ಷ. ಯಾಕಾದರೂ ಆದರೋ.

ನನ್ನ ಅಕ್ಕ, ನನ್ನ ತಾಯಿ, ನನ್ನ ಗುರು ನರಮ್ತಾನಿಗೆ ಹೇಳು: ನಿನ್ನ ಪೆದ್ದ ತಮ್ಮ ಹೀಗೆನ್ನುತ್ತಾನೆ. ಷಮಾಶ ನಿನ್ನನ್ನು ಸಾವಿರ ವರ್ಷ ಬದುಕಿಸಲಿ.

ಅರ್ಥವಾಯಿತು. ತಡವಾಗಿ ಅರ್ಥವಾಯಿತು.

ಮೊನ್ನೆ ಬೆಳಗಿನ ನೈವೇದ್ಯದ ಹೊತ್ತಿಗೆ ಮಂತ್ರ ಓದಲು ನನ್ನನ್ನು ಪರದೆಯ ಬಳಿ ನಿಲ್ಲಿಸಿದ್ದರು. ಕುಲ್ಪಾದಲ್ ಆಚೆ ಬದಿಯಲ್ಲಿ ನಗಾರಿ ಬಾರಿಸುತ್ತಿದ್ದ. ಪರದೆಯೊಳಗಿನಿಂದ ಪಿಸುಮಾತು ಕೇಳಿತು.

‘ಲಿಪಿತ್, ಅದು ಬೆಳ್ಳುಳ್ಳಿ ಹಾಕಿದ ಕುರಿಮರಿ ತಾನೇ?’

‘ಹೌದು, ದೇವಾ.’

‘ಕಾಡೀರುಳ್ಳಿ?’

‘ಇದೆ, ದೇವಾ.’

ಪರಿಮಳವನ್ನು ಜೋರಾಗಿ ಒಳಗೆಳೆದುಕೊಂಡರು. ಆಮೇಲೆ, ‘ಒಂದು ರೊಟ್ಟಿ ತಂದ್ಕೊಡೋ. ನಿನ್ ದಮ್ಮಯ್ಯ’ ಎಂದರು. ಅಕ್ಕಾ, ನನಗೆ ನಗು ಬಂತು, ಜೊತೆಗೆ ಕನಿಕರವೂ. ಮನುಷ್ಯ ಅರ್ಧಕ್ಕರ್ಧ ಇಳಿದಿದ್ದಾರೆ.

ಪರದೆಯ ಕೆಳಗಿಂದ ಕೈ ತೂರಿಸಿ ನೋಡಿದರಂತೆ, ಕುಲ್ಪಾದಲ್ ಆ ಕೈಗೇ ಗಂಧ ಹಚ್ಚಿ ಒಳಗೆ ಕಳಿಸಿದನಂತೆ. ದೇವರು ಒಂದು ದಿನ ಉಂಡರೆ ದೋಷವೇ ಎಂದು ಕುರಿಯ ಪಿತ್ತಕೋಶ ನೋಡಿ ಶಕುನ ಕೇಳಿಸಿದರು. ಮಹಾದೋಷ ಎಂದು ಬಂತು. ಶಕುನ ನೋಡುವವನು ಕುಲ್ಪಾದಲನ ಭಾವಮೈದುನ, ಅವನೂ ಈಗ ಗುಂಡಗಾಗಿದ್ದಾನೆ. ಇನ್ನು ಜನ ಹೊತ್ತುಗೊತ್ತಿಲ್ಲದೆ ಬರುತ್ತಾರೆ. ಕಳೆದುಹೋದ ಕತ್ತೆ, ಹಲ್ಲುನೋವು, ಸೊಸೆಯ ಬಾಯಿ, ಎಲ್ಲದಕ್ಕೂ ದೇವರೇ ಬೇಕು. ಮಳೆ ಬರಲಿಲ್ಲವೆಂದು ಒಬ್ಬ ಮುದುಕಿ ದೇವರನ್ನು ಮುಖದ ಮೇಲೆಯೇ ಬೈದು ಹೋದಳು. ರಾಣಿಯರು ಮೂವರೂ ಗುಡಿಗೆ ಬರುವಂತಿಲ್ಲ. ಅವರು ಮಾತ್ರ ಸುಖವಾಗಿದ್ದಾರೆ.

ಶುವಾರಿಯ ಅಡುಗೆಯ ಗುಟ್ಟೂ ಗೊತ್ತಾಯಿತು. ನಿನ್ನ ಪತ್ರದ ಕೊನೆಯ ಸಾಲು ಸಭೆಯಲ್ಲಿ ಕೇಳಿದಾಗಲೇ ಅವಳಿಗೆ ಹೊಳೆದಿತ್ತಂತೆ. ನನಗೆ ಹೇಳಿದ್ದರೆ ನನ್ನ ಮುಖದಲ್ಲೇ ಗುಟ್ಟು ರಟ್ಟಾಗುತ್ತಿತ್ತಂತೆ.

ಆದರೆ ಈಗ ಹೊಸ ಕಷ್ಟ. ರಾಜರಿಗೆ ಇಳಿಯುವ ಮನಸ್ಸಿದೆ, ಕುಲ್ಪಾದಲ್ ಬಿಡುತ್ತಿಲ್ಲ. ಪೀಠ ಏರಿದ ದೇವರು ಇಳಿದರೆ ಊರಿಗೆ ರೋಗ ಬರುತ್ತದೆ ಎಂದು ಜನರನ್ನು ಹೆದರಿಸಿದ್ದಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತನ್ನು ಕಣ್ಣಾರೆ ಕಂಡೆ. ಹಸಿದ ಹೊಟ್ಟೆಯ ಸಿಟ್ಟಿನಲ್ಲಿ ರಾಜರು, ‘ಇಷ್ಟು ಕಷ್ಟಪಟ್ಟ ಮೇಲೆ ಚುಕ್ಕಿನಾದ್ರೂ ಬೇಗ ಹಾಕು’ ಎನ್ನುತ್ತಿದ್ದಾರೆ. ಹೊಸ ವರ್ಷದವರೆಗೆ ಕಾಯುವುದಿಲ್ಲವಂತೆ, ಅದಾರಿನ ಹುಣ್ಣಿಮೆಗೇ ಆಗಬೇಕಂತೆ. ಹಲಬ್‌ನ ಅಧಿಕಾರಿ ಬರುವುದೂ ಆಗಲೇ. ದೇವರು ಕೆಳಗಿಳಿಯುವ ಶಾಸ್ತ್ರ ಏನಾದರೂ ಇದ್ದರೆ ಬೇಗ ಬರೆ.


ಸಿಪ್ಪರ್‌ನಿಂದ. ಶಬಾಟು ತಿಂಗಳು.

ಲಿಪಿತ್-ಎಯಾನಿಗೆ ಹೇಳು: ನರಮ್ತಾನಿ ಹೀಗೆನ್ನುತ್ತಾಳೆ.

ಉಗ್ರಾಣದ ಹಲಗೆಗಳನ್ನೆಲ್ಲ ತಲೆಕೆಳಗು ಮಾಡಿದೆ. ದೇವರಿಗೆ ಏರುವ ಶಾಸ್ತ್ರವಿದೆ, ಇಳಿಯುವ ಶಾಸ್ತ್ರವಿಲ್ಲ. ಈ ಲೋಕ ಹುಟ್ಟಿದ ಮೇಲೆ ದೇವರ ಕೆಲಸವನ್ನು ಯಾರೂ ಬಿಟ್ಟಿಲ್ಲವಂತೆ. ಹಿರಿಯ ಸೊಸೆಯಂದಿರನ್ನು ಕೇಳಿದೆ, ಅವರು ನನಗೆ ಜ್ವರವಿದೆಯೇ ಎಂದು ಹಣೆ ಮುಟ್ಟಿ ನೋಡಿದರು.

ನನ್ನ ಜಾಣತನ ಇಷ್ಟಕ್ಕೇ ಮುಗಿಯಿತು ಕಣೋ. ಹೊಟ್ಟೆ ಹಸಿದರೆ ಹಟ ಇಳಿಯುತ್ತದೆ ಎಂದು ಲೆಕ್ಕ ಹಾಕಿದೆ, ಪೂಜಾರಿಯ ಹೊಟ್ಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇದನ್ನು ಸಭೆಯಲ್ಲಿ ಓದುತ್ತೀಯೆಂದು ಗೊತ್ತು, ಓದು. ರಾಜರೇ, ಉಪಾಯ ಮಾಡಿದವಳು ನಾನು. ಶಿಕ್ಷೆ ಕೊಡುವುದಾದರೆ ನನ್ನ ಕೈ ಇದೆ, ಇದೂ ಬರೆಯುವ ಕೈಯೇ. ನನ್ನ ತಮ್ಮನನ್ನು ಬಿಟ್ಟುಬಿಡಿ. ನನಗೆ ಭಯವಾಗುತ್ತಿದೆ.


ಜರ್ಮಖ್‌ನಿಂದ. ಅದಾರು ತಿಂಗಳು. ಈ ವರ್ಷದ ಹೆಸರನ್ನು ಅಳಿಸಿದ್ದಾರೆ, ಹೊಸದನ್ನು ಇನ್ನೂ ಇಟ್ಟಿಲ್ಲ.

ನನ್ನ ಅಕ್ಕ ನರಮ್ತಾನಿಗೆ ಹೇಳು: ಲಿಪಿತ್-ಎಯಾ ಹೀಗೆನ್ನುತ್ತಾನೆ. ತಲೆ ಇದೆ. ಕೈಯೂ ಇದೆ, ಅದರಿಂದಲೇ ಬರೆಯುತ್ತಿದ್ದೇನೆ.

ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವಂತೆ ನಿನ್ನ ಪತ್ರ ಎಲ್ಲ ಮುಗಿದ ಮೇಲೆ ಬಂತು. ಸಭೆಯಲ್ಲೇ ಓದಿದೆ. ನಿನ್ನ ಕೈಯ ಮಾತನ್ನು ಎರಡು ಸಲ ತಪ್ಪಿ ಓದಿದೆ, ಕುಲ್ಪಾದಲ್ ಕೆಮ್ಮಲೂ ಇಲ್ಲ. ‘ನಿಮ್ಮಕ್ಕಂಗೆ ಹೇಳು, ಅವಳ ಕೈ ನನಗೆ ಬೇಡ, ಅವಳ ಸಲಹೆನೂ ಬೇಡ’ ಎಂದರು ರಾಜರು. ಅವರ ಬಾಯಿ ಆಗ ತುಂಬಿತ್ತು.

ನಡೆದದ್ದನ್ನು ಹೇಳುತ್ತೇನೆ. ಅಧಿಕಾರಿ ಹುಣ್ಣಿಮೆಗೆ ಮೊದಲೇ ಬಂದುಬಿಟ್ಟ. ಅಂದು ಬೆಳಿಗ್ಗೆ ನಾನು ಉಳಿ ಹಿಡಿದು ಕಲ್ಲಿನ ಮುಂದೆ ಕೂತಿದ್ದೆ, ಮೊದಲ ಏಟು ಇನ್ನೂ ಹಾಕಿರಲಿಲ್ಲ. ಅವನನ್ನು ನೇರವಾಗಿ ಗುಡಿಗೆ ಕರೆತಂದರು. ಮಹಾರಾಜರ ಕಡೆಯವನು ಬಂದಾಗ ರಾಜರೇ ಎದುರಿಗೆ ಕೂತು ಒಂದೇ ತಟ್ಟೆಯಲ್ಲಿ ಉಣ್ಣುವುದು ಈ ಕಡೆಯ ಪದ್ಧತಿ. ಉಣ್ಣಲೊಲ್ಲೆ ಎನ್ನುವುದೆಂದರೆ ಕತ್ತಿ ಹಿರಿದ ಹಾಗೆ. ಶುವಾರಿ ಅದನ್ನು ಮರೆತವಳಲ್ಲ. ಪರದೆಯ ಈಚೆಗೆ ಅಧಿಕಾರಿಗೆಂದು ಮೇಜಿಟ್ಟು, ಇಡೀ ಕುರಿಮರಿಯನ್ನು ಹೊಗೆಯಾಡುತ್ತಿರುವಂತೆಯೇ ತಂದಿಟ್ಟಳು. ಎರಡನೆಯ ಆಸನವನ್ನೂ ಹಾಕಿ, ‘ರಾಜರು ಎಲ್ಲಿ? ಸಾರು ಆರ್ತಾ ಇದೆ’ ಎಂದು ಗಟ್ಟಿಯಾಗಿ ಕೇಳಿದಳು.

ಪರದೆ ಅಲ್ಲಾಡಿತು. ಆಮೇಲೆ ಕಂಬಿಯ ಸಮೇತ ಕೆಳಗೆ ಬಿತ್ತು. ರಾಜರು ಅದರ ಮೇಲೆಯೇ ಕಾಲಿಟ್ಟು ಬಂದು ಕೂತು ತೊಡೆಯ ಭಾಗಕ್ಕೆ ಕೈ ಹಾಕಿದರು. ಕುಲ್ಪಾದಲ್ ಓಡಿ ಬಂದು, ದೇವರು ಮುಟ್ಟಬಾರದು, ಮುಟ್ಟಬಾರದು ಎಂದು ತೋಳು ಹಿಡಿದ.

‘ಯಾವ ದೇವ್ರಯ್ಯಾ?’ ಎಂದರು ರಾಜರು. ‘ನಾನು ಮನುಷ್ಯ ಕಣಯ್ಯ. ಹಸಿದಿದೀನಿ.’

ಇಡೀ ಊರು ಕೇಳಿಸಿಕೊಂಡಿತು. ಅಧಿಕಾರಿಯಂತೂ ಕರಗಿಹೋದ. ತನ್ನ ಜೊತೆ ಉಣ್ಣಲು ಪರದೆ ಹರಿದುಕೊಂಡು ಓಡಿ ಬಂದ ರಾಜನನ್ನು ಅವನು ಎಲ್ಲೂ ಕಂಡಿರಲಿಲ್ಲವಂತೆ. ಈ ವರ್ಷದ ಕಪ್ಪದಲ್ಲಿ ಕುರಿಗಳನ್ನು ಕಡಿಮೆ ಮಾಡಿಸುವುದಾಗಿ ಮಾತು ಕೊಟ್ಟ.

ಊಟವಾದ ಮೇಲೆ ಅವನು ಕಲ್ಲನ್ನು ನೋಡಲು ಹೋದ. ಬರಿದಾದ ಜಾಗದ ಎದುರಿಗೇ ನಿಂತು ಹುಬ್ಬು ಗಂಟಿಕ್ಕಿದ. ಬಹಳ ಹೊತ್ತು ನೋಡಿದ. ನಾನು ಕತ್ತನ್ನು ಮುಟ್ಟಿಕೊಂಡೆ. ಕೊನೆಗೆ ನನ್ನನ್ನು ಹತ್ತಿರ ಕರೆದು, ಕಿವಿಯಲ್ಲಿ, ‘ಏನ್ ಬರ್ದಿದೆ ಇಲ್ಲಿ? ಸ್ವಲ್ಪ ಓದಿ ಹೇಳು. ನನಗೆ ಓದು ಬರಲ್ಲ, ಯಾರಿಗೂ ಹೇಳ್ಬೇಡ’ ಎಂದ.

ಅಕ್ಕಾ, ಈ ಮನುಷ್ಯನಿಗಾಗಿ ನಾವು ಇಷ್ಟು ತಿಂಗಳು ನಡುಗಿದೆವು. ಅವನು ಹೋದ ಮೇಲೆ ರಾಜರಿಗೆ ಹೇಳಿದೆ. ‘ಹಂಗಿದ್ರೆ ಚುಕ್ಕಿ ಹಾಕ್ಬಹುದಿತ್ತಲ್ಲೋ’ ಎಂದು ಎದ್ದು ನಿಂತರು. ಅಷ್ಟರಲ್ಲಿ ನೈವೇದ್ಯದ ನಗಾರಿ ಕೇಳಿತು. ಹಾಗೇ ಕೂತುಬಿಟ್ಟರು. ‘ಬೇಡ, ಮಳೆದೇವರ ಹೆಸರನ್ನೇ ಮುಂದೆ ಹಾಕಿ ಅವನಿಗೇ ಕೊಡು ಆ ಚುಕ್ಕಿನ. ಅವನಿಗೆ ಹಸಿವಾಗಲ್ಲ’ ಎಂದರು. ಹಾಗೇ ಮಾಡಿದೆ. ನೀನು ಬರೆದು ಕಳಿಸಿದ ಎಂಟು ಕಿರಣಗಳೂ ಕಲ್ಲಿನ ಮೇಲೆ ಚೆನ್ನಾಗಿ ಬಂದಿವೆ.

ಕಲ್ಲು ನಿಂತಿತು, ನನಗೆ ಬಿಡುಗಡೆಯೂ ಸಿಕ್ಕಿತು. ಈ ವಾರ ಹೊರಡಬಹುದಿತ್ತು. ದಾರಿಯಲ್ಲಿ ಕೆಸರು ಎನ್ನುತ್ತಾರೆ. ಮುಂದಿನ ತಿಂಗಳು ನೋಡೋಣ. ಅದರ ಮುಂದಿನ ತಿಂಗಳು ಬಿಸಿಲು ಜಾಸ್ತಿ.


ಸಿಪ್ಪರ್‌ನಿಂದ. ನಿಸಾನು ತಿಂಗಳು, ಕಾಲುವೆ ತೋಡಿಸಿದ ವರ್ಷದ ಮುಂದಿನ ವರ್ಷ.

ಜರ್ಮಖ್ ಅರಮನೆಯ ಅಡುಗೆಮನೆಯ ಶುವಾರಿಗೆ ಹೇಳು: ಲಿಪಿತ್-ಎಯಾನ ಅಕ್ಕ ನರಮ್ತಾನಿ ಹೀಗೆನ್ನುತ್ತಾಳೆ. ಷಮಾಶನೂ ಆಯಾ ದೇವಿಯೂ ನಿನ್ನ ಕೈಗೆ ಸದಾ ರುಚಿ ಕೊಡಲಿ.

ಲಿಪಿತ್, ಹೌದು, ಪತ್ರ ನಿನಗಲ್ಲ. ಸಭೆಯಲ್ಲಿ ನಿಂತಿದ್ದೀಯ, ಲಕೋಟೆ ಒಡೆದಾಗಿದೆ. ಬಾಗಿಲ ಬಳಿ ಇದ್ದಾಳಲ್ಲ, ಅವಳನ್ನು ಮುಂದೆ ಕರೆದು ಗಟ್ಟಿಯಾಗಿ ಓದು. ಒಂದು ಮಾತನ್ನೂ ನುಂಗಬೇಡ. ಕುಲ್ಪಾದಲ್ ಅವರೇ, ನುಂಗಿದರೆ ದಯವಿಟ್ಟು ಕೆಮ್ಮಿ.

ಅಮ್ಮಾ ಶುವಾರಿ, ನಾನು ನಿನ್ನ ಮುಖ ನೋಡಿಲ್ಲ. ಆದರೆ ನಾನು ಬರೆದ ಒಂದು ಸಾಲು ಒಡಹುಟ್ಟಿದವನಿಗೆ ಅರ್ಥವಾಗುವ ಮೊದಲೇ ನಿನಗೆ ಅರ್ಥವಾಯಿತು. ಪತ್ರವಿಲ್ಲದ ಆ ತಿಂಗಳುಗಳಲ್ಲಿ ನಾನು ದಿನಾ ಗೋಡೆಯ ಬಳಿ ನಿಂತು ಕತ್ತೆಗಳ ಗಂಟೆಗೆ ಕಿವಿಗೊಡುತ್ತಿದ್ದೆ, ಕೇಳಿಸದಿದ್ದರೆ ಅಳುತ್ತಿದ್ದೆ. ಅವನ ಹತ್ತಿರ ನೀನಿದ್ದೀಯೆಂದು ಗೊತ್ತಿದ್ದರೆ ಅಷ್ಟು ಅಳುತ್ತಿರಲಿಲ್ಲ.

ಇವನು ಊರಿಗೆ ಬರಲು ಒಂದು ತಿಂಗಳು ಕೆಸರು, ಇನ್ನೊಂದು ತಿಂಗಳು ಬಿಸಿಲು ಎನ್ನುತ್ತಾನೆ. ಕೆಸರೂ ಅಲ್ಲ, ಬಿಸಿಲೂ ಅಲ್ಲ. ನಿನ್ನನ್ನು ಬಿಟ್ಟು ಹೊರಡಲಾರ. ಕೇಳೋಣವೆಂದರೆ ಧೈರ್ಯವಿಲ್ಲ. ಕಲ್ಲಿನ ಮೇಲೆ ಬರೆ ಎಂದರೆ ಬರೆಯುತ್ತಾನೆ, ಎದುರಿಗೆ ನಿಂತು ಹೇಳು ಎಂದರೆ ಹೇಳಲಾರ. ಈಗ ಅವನ ಕಿವಿ ನೋಡು. ಕೆಂಪಾಗಿದ್ದರೆ ನಾನು ಬರೆದದ್ದು ನಿಜ.

ಅದಕ್ಕೇ ನಾನು ಕೇಳುತ್ತಿದ್ದೇನೆ. ಆ ಕೈಯನ್ನು ಉಳಿಸಿದವಳು ನೀನು. ಈಗ ಅದನ್ನು ಹಿಡಿಯುತ್ತೀಯಾ?

ಲಿಪಿತ್, ಓದಿದ್ದು ಸಾಕು. ತಲೆಯೆತ್ತಿ ಅವಳು ಹೇಳುವುದನ್ನು ಕೇಳು.